ಜಗಲಿ ಇಲ್ಲದ ತೋಟದ ಮನೆ: ಬೆಂಗಳೂರಿನ ಟರ್ಮಿನಲ್ 2

ಜರ್ಮನಿಯಲ್ಲಿ ಕನ್ನಡಿಗರು ನಾಲ್ಕು ಜನ ಸೇರಿದ ಕಡೆ, ಊರಿಗೆ ಹೋಗಿ ಬಂದವರನ್ನ ಈಗ ತಪ್ಪದೆ ಕೇಳುವ ಒಂದು ಪ್ರಶ್ನೆ ಇದೆ: "ಹೊಸ ಟರ್ಮಿನಲ್ ಹೇಗಿದೆ?" ಉತ್ತರವೂ ಹೆಚ್ಚುಕಮ್ಮಿ ಒಂದೇ. "ಸೂಪರ್ ಆಗಿದೆ, ತೋಟದೊಳಗೆ ಹೋದ ಹಾಗೆ ಇರುತ್ತೆ." ಆಮೇಲೆ ಫೋನ್ ತೆಗೆದು ಫೋಟೊ ತೋರಿಸ್ತಾರೆ. ಚಾವಣಿಯಿಂದ ಇಳಿಬಿಟ್ಟ ಗಿಡಗಳು, ಬಿದಿರಿನ ಜಾಲರಿ, ಗೋಡೆ ಮೇಲಿಂದ ಇಳಿಯುವ ನೀರು. ನನ್ನನ್ನು ಕೇಳಿದರೂ ನಾನು ಮೊದಲು ಹೇಳೋದು ಅದನ್ನೇ. ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣದ ಟರ್ಮಿನಲ್ 2 ಒಳ್ಳೆಯ ಕಟ್ಟಡ. ಇದರಲ್ಲಿ ನನಗೆ ಅನುಮಾನ ಇಲ್ಲ.

ನನಗಿರುವ ತಕರಾರು ಬೇರೆ. ಆ ತೋಟ ಎಲ್ಲಿ ಶುರುವಾಗುತ್ತೆ, ಯಾರ ಕಣ್ಣಿಗೆ ಬೀಳುತ್ತೆ, ಯಾರನ್ನ ಹೊರಗೆ ನಿಲ್ಲಿಸುತ್ತೆ ಅನ್ನೋದರ ಬಗ್ಗೆ ನಮ್ಮ ಹೊಗಳಿಕೆಗಳಲ್ಲಿ ಒಂದು ಮಾತೂ ಇರಲ್ಲ. ನಾನು ವಾಸ್ತುಶಿಲ್ಪಿ ಅಲ್ಲ, ಡೇಟಾ ಸೈಂಟಿಸ್ಟ್. ಓದಿಗೆ ಅಂತ ಮ್ಯೂನಿಕ್‌ಗೆ ಬಂದವನು ಇಲ್ಲೇ ಉಳಿದೆ. ಹಾಗಾಗಿ ವಿಮಾನ ನಿಲ್ದಾಣಗಳಲ್ಲಿ ಕಳೆದ ಗಂಟೆಗಳೇನೂ ಕಡಿಮೆ ಇಲ್ಲ. ಈ ಬರಹ ಅಂಥ ಬಳಕೆದಾರನ ವಿಮರ್ಶೆ.

ಮೊದಲು ಕಟ್ಟಡ ಏನು ಅಂತ ನೋಡೋಣ. ಟರ್ಮಿನಲ್ 2ರ ಮೊದಲ ಹಂತದ ಉದ್ಘಾಟನೆ ಆಗಿದ್ದು 2022ರ ನವೆಂಬರ್ 11ರಂದು. ದೇಶೀಯ ವಿಮಾನಗಳು 2023ರ ಜನವರಿಯಲ್ಲಿ ಅಲ್ಲಿಂದ ಹಾರೋಕೆ ಶುರು ಮಾಡಿದವು. ಅಂತಾರಾಷ್ಟ್ರೀಯ ವಿಮಾನಗಳು ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಅಲ್ಲಿಗೆ ಬಂದವು. ವಿಸ್ತೀರ್ಣ ಸುಮಾರು 2,55,000 ಚದರ ಮೀಟರ್. ವರ್ಷಕ್ಕೆ 2.5 ಕೋಟಿ ಪ್ರಯಾಣಿಕರನ್ನ ನಿಭಾಯಿಸೋ ಲೆಕ್ಕದಲ್ಲಿ ಕಟ್ಟಿದ್ದು. ವಿನ್ಯಾಸ ಅಮೆರಿಕದ ಸ್ಕಿಡ್‌ಮೋರ್, ಓವಿಂಗ್ಸ್ ಅಂಡ್ ಮೆರಿಲ್ ಸಂಸ್ಥೆಯದು. ಎಲ್ಲರೂ ಎಸ್‌ಒಎಂ ಅಂತಲೇ ಕರೀತಾರೆ. ತೋಟದ ಕೆಲಸ ಇಂಗ್ಲೆಂಡಿನ ಗ್ರಾಂಟ್ ಅಸೋಸಿಯೇಟ್ಸ್‌ದು, ಸಿಂಗಾಪುರದ 'ಗಾರ್ಡನ್ಸ್ ಬೈ ದ ಬೇ' ಮಾಡಿದವರು ಇವರೇ. 2023ರಲ್ಲಿ ಒಳಾಂಗಣಕ್ಕೆ 'ಪ್ರಿ ವರ್ಸಾಯ್' ವಿಶೇಷ ಪ್ರಶಸ್ತಿಯೂ ಬಂತು.

ಈ ವಿವರಗಳಿಗಿಂತ ಮುಖ್ಯವಾದದ್ದು ಒಳಗೆ ನಡೆದು ಹೋಗುವ ಕ್ರಮ. ಚೆಕ್-ಇನ್ ಹಾಲ್‌ಗೆ ಕಾಲಿಟ್ಟ ಕೂಡಲೇ ಕಣ್ಣು ಮೇಲೆ ಹೋಗುತ್ತೆ. ಬಿದಿರಿನ ಪಟ್ಟಿಗಳು ಅಡ್ಡಡ್ಡ ಹೆಣೆದ ಹಾಗೆ ಪದರ ಪದರವಾಗಿ ಇವೆ, ಮೇಲಿನ ಗಾಜಿನಿಂದ ಬಂದ ಬಿಸಿಲು ಆ ಸಂದುಗಳಲ್ಲಿ ಸೋಸಿಕೊಂಡು ಕೆಳಗಿಳಿಯುತ್ತೆ. ಮಧ್ಯೆ ಗಂಟೆಯಾಕಾರದ ಕುಂಡಗಳಲ್ಲಿ ಗಿಡಗಳು ತೂಗ್ತಾ ಇರುತ್ತವೆ. ಭದ್ರತಾ ತಪಾಸಣೆ ಮುಗಿಸಿ ಮುಂದೆ ಹೋದರೆ ಮುಖ್ಯ ಕಟ್ಟಡಕ್ಕೂ ವಿಮಾನದ ಗೇಟ್‌ಗಳಿರೋ ಭಾಗಕ್ಕೂ ನಡುವೆ ಬಯಲಲ್ಲೇ ಬೆಳೆಸಿದ ಅಗಲವಾದ ಗಿಡಮರಗಳ ಪಟ್ಟಿ ಇದೆ. ಅವರು ಅದನ್ನ 'ಕಾಡಿನ ಪಟ್ಟಿ' ಅಂತಾನೇ ಕರೀತಾರೆ. ಅದನ್ನ ಸೇತುವೆಗಳ ಮೇಲೆ ದಾಟಿ ಗೇಟ್ ಕಡೆ ಹೋಗಬೇಕು.

ಇದು ಬರೀ ಅಲಂಕಾರ ಅಂತ ತಳ್ಳಿಹಾಕೋದು ಸುಲಭ, ಆದರೆ ಅದು ಸರಿಯಲ್ಲ. ದೊಡ್ಡ ಟರ್ಮಿನಲ್‌ಗಳ ಮುಖ್ಯ ಕಾಯಿಲೆ ಏನು ಗೊತ್ತಾ? ಒಳಗೆ ಹೋದ ಮೇಲೆ ಗಂಟೆ ಎಷ್ಟು, ದಿಕ್ಕು ಯಾವುದು, ಹೊರಗೆ ಮಳೆಯೋ ಬಿಸಿಲೋ ಏನೂ ಗೊತ್ತಾಗಲ್ಲ. ಎಲ್ಲ ಕಡೆ ಅದೇ ಬಿಳಿ ಬೆಳಕು, ಅದೇ ಅಂಗಡಿ ಸಾಲು. ಟರ್ಮಿನಲ್ 2ರಲ್ಲಿ ಕಾಡಿನ ಪಟ್ಟಿ ಒಂದು ಗುರುತಿನ ಕಲ್ಲಿನ ಹಾಗೆ ಕೆಲಸ ಮಾಡುತ್ತೆ. ಅದನ್ನ ದಾಟೋ ಮುಂಚೆ ನೀವು ಊರಿನ ಕಡೆ ಇದ್ದೀರಿ, ದಾಟಿದ ಮೇಲೆ ವಿಮಾನದ ಕಡೆ. ಬೋರ್ಡ್ ಓದಲು ಬಾರದವರಿಗೂ ಇದು ಅರ್ಥ ಆಗುತ್ತೆ. ಬೆಳಗ್ಗೆ ಹತ್ತಕ್ಕೂ ಸಂಜೆ ಐದಕ್ಕೂ ಹಾಲ್ ಬೇರೆ ಬೇರೆ ಥರ ಕಾಣುತ್ತೆ. ಬೆಂಗಳೂರಿನ ಹವೆ ತಂಪು, ಬಯಲಿಗೆ ಹೆದರಬೇಕಿಲ್ಲ ಅನ್ನೋದನ್ನ ತಿಳಿದು ಮಾಡಿದ ವಿನ್ಯಾಸ ಇದು. ದುಬೈಯಲ್ಲೋ ಫ್ರಾಂಕ್‌ಫರ್ಟ್‌ನಲ್ಲೋ ಇದೇ ಕಟ್ಟಡ ಇಟ್ಟರೆ ಅರ್ಥ ಇರಲ್ಲ.

ಬಿದಿರಿನ ವಿಷಯಕ್ಕೂ ಇದೇ ಮಾತು. ಭಾರ ಹೊರೋದು ಉಕ್ಕು, ಬಿದಿರು ಹೊದಿಕೆ ಮಾತ್ರ. ಕಾಡಿಂದ ಕಡಿದು ತಂದ ಗಳ ಅಲ್ಲ, ಸೀಳಿ, ಸಂಸ್ಕರಿಸಿ, ಅಂಟು ಹಾಕಿ ಒತ್ತಿ ಮಾಡಿದ ಪಟ್ಟಿಗಳು. "ಹಾಗಾದ್ರೆ ಇದು ಸುಳ್ಳು ಬಿದಿರು" ಅನ್ನೋರಿದ್ದಾರೆ. ಆದರೆ ಮಾಡ್ರಿಡ್‌ನ ಬರಾಹಾಸ್ ಟರ್ಮಿನಲ್ 4 ನೆನಪಿಸಿಕೊಳ್ಳಿ. ರಿಚರ್ಡ್ ರಾಜರ್ಸ್ ಸಂಸ್ಥೆ ಮತ್ತು ಎಸ್ಟುಡಿಯೊ ಲಮೇಲಾ ಸೇರಿ ಮಾಡಿದ್ದು, 2006ರಲ್ಲಿ ತೆರೆದಿದ್ದು, ಅದೇ ವರ್ಷ ಬ್ರಿಟನ್ನಿನ ಸ್ಟರ್ಲಿಂಗ್ ಪ್ರಶಸ್ತಿ ಪಡೆದಿದ್ದು. ಅಲ್ಲೂ ಅಲೆ ಅಲೆಯಾದ ಚಾವಣಿಗೆ ಬಿದಿರಿನ ಪಟ್ಟಿಗಳ ಹೊದಿಕೆ. ಜೊತೆಗೆ ಕಂಬಗಳ ಸಾಲಿಗೆ ಒಂದು ತುದಿಯಿಂದ ಇನ್ನೊಂದು ತುದಿವರೆಗೆ ಮೆಲ್ಲಗೆ ಬದಲಾಗುವ ಬಣ್ಣ. ನೀವು ಕಟ್ಟಡದ ಯಾವ ಭಾಗದಲ್ಲಿದ್ದೀರಿ ಅಂತ ಕಂಬದ ಬಣ್ಣವೇ ಹೇಳುತ್ತೆ. ಮಾಡ್ರಿಡ್‌ನಲ್ಲಿ ಬಣ್ಣ ಮಾಡೋ ಕೆಲಸವನ್ನ ಬೆಂಗಳೂರಿನಲ್ಲಿ ಗಿಡ ಮಾಡುತ್ತೆ. ಹೊದಿಕೆ ಆಗಿರೋದು ತಪ್ಪಲ್ಲ. ಅದಕ್ಕೆ ಕೆಲಸ ಕೊಟ್ಟಿದ್ದಾರಾ ಅನ್ನೋದು ಪ್ರಶ್ನೆ, ಇಲ್ಲಿ ಕೊಟ್ಟಿದ್ದಾರೆ.

ಇನ್ನು 'ತೋಟದೊಳಗಿನ ಟರ್ಮಿನಲ್' ಅನ್ನೋ ಕಲ್ಪನೆ. ಬೆಂಗಳೂರಿಗೆ ಉದ್ಯಾನ ನಗರಿ ಅಂತ ಹೆಸರು, ಹಾಗಾಗಿ ತೋಟ ಅಂತ ಒಂದು ಸಾಲಿನಲ್ಲಿ ಮುಗಿಸಿಬಿಡ್ತಾರೆ. ಆದರೆ ಬೆಂಗಳೂರಿನ ತೋಟದ ಚರಿತ್ರೆಗೆ ಒಂದು ನಿರ್ದಿಷ್ಟ ಗುಣ ಇದೆ. ಲಾಲ್‌ಬಾಗ್ ಶುರುವಾಗಿದ್ದು 1760ರಲ್ಲಿ, ಹೈದರ್ ಅಲಿಯ ಖಾಸಗಿ ತೋಟವಾಗಿ. ಮುಂದೆ ಅದು ಸಾರ್ವಜನಿಕರ ತೋಟ ಆಯ್ತು. ಕಬ್ಬನ್ ಪಾರ್ಕ್ 1870ರದು. 1908ರಲ್ಲಿ ಲಾಲ್‌ಬಾಗಿಗೆ ಬಂದ ಗುಸ್ತಾವ್ ಹರ್ಮನ್ ಕ್ರುಂಬಿಗಲ್ ಹುಟ್ಟಿದ್ದು ಜರ್ಮನಿಯಲ್ಲಿ, ಡ್ರೆಸ್ಡೆನ್ ಹತ್ತಿರ. ಬೆಂಗಳೂರಿನ ರಸ್ತೆಗಳಲ್ಲಿ ಒಂದು ಜಾತಿ ಮರದ ಹೂ ಮುಗಿಯೋ ಹೊತ್ತಿಗೆ ಇನ್ನೊಂದು ಅರಳುವ ಹಾಗೆ ಸಾಲುಮರ ನೆಡೋ ಯೋಜನೆ ಅವರ ಹೆಸರಿನ ಜೊತೆ ಸೇರಿಕೊಂಡಿದೆ. 1956ರಲ್ಲಿ ಅವರು ತೀರಿಕೊಂಡಿದ್ದೂ ಬೆಂಗಳೂರಿನಲ್ಲೇ. ಹಾಗಾಗಿ ಹೊರಗಿನವರು ಬಂದು ನಮ್ಮ ತೋಟ ಮಾಡಿದರು ಅಂತ ಟರ್ಮಿನಲ್ 2 ಬಗ್ಗೆ ಗೊಣಗೋಕೆ ಕಾರಣವೇ ಇಲ್ಲ. ನಮ್ಮ ಊರಿನ ತೋಟದ ಪರಂಪರೆಯೇ ಹಾಗಿದೆ.

ಆದರೆ ಕ್ರುಂಬಿಗಲ್ ನೆಡಿಸಿದ ಮರ ನಿಂತಿದ್ದು ರಸ್ತೆಯಲ್ಲಿ. ಅದರ ನೆರಳು ಬಸ್ಸಿಗೆ ಕಾಯುವವರಿಗೆ, ತಳ್ಳುಗಾಡಿಯವರಿಗೆ, ಸುಮ್ಮನೆ ನಡೆದು ಹೋಗೋರಿಗೆ ಎಲ್ಲರಿಗೂ ಸಿಗ್ತಿತ್ತು. ಬೆಂಗಳೂರಿನ ತೋಟ ಅಂದರೆ ಬಾಗಿಲಲ್ಲಿ ಯಾರು ನೀನು ಅಂತ ಕೇಳದ ನೆರಳು. ಟರ್ಮಿನಲ್ 2 ಆ ನೆನಪನ್ನ ತನ್ನ ಮುಖ್ಯ ಕಲ್ಪನೆಯಾಗಿ ತಗೊಂಡಿದೆ. ಹಾಗಾಗಿ ಅದನ್ನ ಅದೇ ಅಳತೆಗೋಲಿನಿಂದ ಅಳೆಯೋದು ನ್ಯಾಯ.

ಇನ್ನೊಂದು ವಿಷಯ ಮರೆಯೋ ಹಾಗಿಲ್ಲ. ಊರಿಂದ ಸುಮಾರು 35 ಕಿಲೋಮೀಟರ್ ದೂರದ ದೇವನಹಳ್ಳಿಗೆ ಬೇಗ ತಲುಪೋಕೆ ಅಂತ 2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿಲೋಮೀಟರ್ ಉದ್ದದ ಉಕ್ಕಿನ ಮೇಲ್ಸೇತುವೆ ಕಟ್ಟುವ ಯೋಜನೆ ಬಂತು. ಅದಕ್ಕೆ 800ಕ್ಕೂ ಹೆಚ್ಚು ಮರ ಕಡೀಬೇಕಿತ್ತು. "ಸ್ಟೀಲ್ ಫ್ಲೈಓವರ್ ಬೇಡ" ಅಂತ ಜನ ರಸ್ತೆಯಲ್ಲಿ ಕೈ ಕೈ ಹಿಡಿದು ನಿಂತರು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ದಾರಿಯ ಮರ ಉಳಿಸಲು ಹೋರಾಡಿದ ಊರು ಅದು. ಅಂಥ ಊರಿನ ತೋಟವನ್ನ ದಾರಿಯ ಕೊನೆಯಲ್ಲಿ, ಗಾಜಿನ ಒಳಗೆ ಇಟ್ಟರೆ, ಅದು ಯಾರಿಗೆ ಅಂತ ಕೇಳಲೇಬೇಕಾಗುತ್ತೆ.

ಈಗ ಬಾಗಿಲ ಹತ್ತಿರ ಬರೋಣ. ಭಾರತದ ವಿಮಾನ ನಿಲ್ದಾಣಗಳಲ್ಲಿ ಸಾಮಾನ್ಯವಾಗಿ ಟಿಕೆಟ್ ಮತ್ತು ಗುರುತಿನ ಚೀಟಿ ತೋರಿಸಿದವರಿಗೆ ಮಾತ್ರ ಕಟ್ಟಡದೊಳಗೆ ಪ್ರವೇಶ. ಬಾಗಿಲಲ್ಲೇ ಸಿಐಎಸ್‌ಎಫ್ ಸಿಬ್ಬಂದಿ ನೋಡಿ ಬಿಡ್ತಾರೆ. 2022ರ ಡಿಸೆಂಬರ್‌ನಿಂದ ಬೆಂಗಳೂರಿನಲ್ಲಿ ಡಿಜಿಯಾತ್ರಾ ಬಂದು ಮುಖವೇ ಟಿಕೆಟ್ ಆಯ್ತು. ಬಾಗಿಲು ವೇಗ ಆಯ್ತು, ನಿಯಮ ಹಾಗೇ ಇದೆ. ಇದು ದೇಶದ ಭದ್ರತಾ ನಿಯಮ, ವಾಸ್ತುಶಿಲ್ಪಿಯ ಆಯ್ಕೆ ಅಲ್ಲ. ಆದರೆ ಇದರಿಂದ ಆಗೋ ಪರಿಣಾಮ ಪೂರ್ತಿ ವಾಸ್ತುಶಿಲ್ಪದ್ದೇ. ಕುಟುಂಬ ಬೇರೆಯಾಗೋದು ಎಲ್ಲಿ? ಕಾರಿಂದ ಇಳಿದು ಬಾಗಿಲಿಗೆ ಹೋಗೋ ಆ ನಾಲ್ಕು ಹೆಜ್ಜೆಯಲ್ಲಿ.

ನಮ್ಮಲ್ಲಿ ಹೊರಡೋರು "ಹೋಗ್ತೀನಿ" ಅನ್ನಲ್ಲ, "ಹೋಗಿ ಬರ್ತೀನಿ" ಅಂತಾರೆ. ಒಬ್ಬರು ವಿದೇಶಕ್ಕೆ ಹೊರಟರೆ ಮನೆಮಂದಿಯೆಲ್ಲ ಗಾಡಿ ಮಾಡಿಕೊಂಡು ಬರ್ತಾರೆ. ಹಾಸನದಿಂದ, ದಾವಣಗೆರೆಯಿಂದ, ಕಲಬುರಗಿಯಿಂದ ರಾತ್ರಿಯೆಲ್ಲ ಪ್ರಯಾಣ ಮಾಡಿ ಬರೋರಿದ್ದಾರೆ. ಯೂರೋಪಿಗೂ ಗಲ್ಫ್‌ಗೂ ಹೋಗೋ ಎಷ್ಟೋ ವಿಮಾನಗಳು ಹೊರಡೋದು ನಡುರಾತ್ರಿ ದಾಟಿದ ಮೇಲೆ. ಒಳಗೆ ಹೋದವನ ಬ್ಯಾಗ್ ತೂಕ ಜಾಸ್ತಿ ಆದರೆ ಉಪ್ಪಿನಕಾಯಿ ಡಬ್ಬಿ, ಚಟ್ನಿಪುಡಿ ವಾಪಸ್ ಕೊಡೋಕೆ ಹೊರಗೆ ಯಾರಾದರೂ ಇರಬೇಕು. "ಇಮಿಗ್ರೇಶನ್ ಆಯ್ತು" ಅನ್ನೋ ಫೋನ್ ಬರೋವರೆಗೆ ಯಾರೂ ಗಾಡಿ ಹತ್ತಲ್ಲ. ಮೊಮ್ಮಗುವನ್ನ ನೋಡೋಕೆ ಮೊದಲ ಸಲ ವಿಮಾನ ಹತ್ತುವ ಅಜ್ಜ ಅಜ್ಜಿ ಆದರೆ ಕಥೆ ತಿರುಗುಮುರುಗು. ನಡೆಯೋಕೆ ಬರುತ್ತೆ, ದಾರಿ ಗೊತ್ತಿಲ್ಲ ಅಂತ ವೀಲ್‌ಚೇರ್ ಬುಕ್ ಮಾಡ್ತಾರೆ. ಇವೆಲ್ಲ ಗಂಟೆಗಟ್ಟಲೆ ನಡೆಯೋ ಕೆಲಸಗಳು. ಆ ಗಂಟೆಗಳಿಗೆ ಒಂದು ಜಾಗ ಬೇಕು.

ನಮ್ಮ ಹಳೆ ಮನೆಗಳಲ್ಲಿ ಅದಕ್ಕೊಂದು ಜಾಗ ಇತ್ತು, ಜಗಲಿ. ಒಳಗೂ ಅಲ್ಲ, ಪೂರ್ತಿ ಹೊರಗೂ ಅಲ್ಲ. ಒಳಗೆ ಬರೋ ಹಾಗಿಲ್ಲದವರೂ ಕೂತು ಸುಧಾರಿಸಿಕೊಳ್ಳಬಹುದಿತ್ತು, ನೀರು ಕೇಳಬಹುದಿತ್ತು. ಜಗಲಿಗೂ ಅದರದ್ದೇ ಜಾತಿ ಲೆಕ್ಕಾಚಾರ ಇತ್ತು, ಅದನ್ನ ಮುಚ್ಚಿಡೋದು ಬೇಡ. ಆದರೆ ಒಂದು ಮಾತನ್ನ ಅದು ಒಪ್ಪಿಕೊಂಡಿತ್ತು: ಬಾಗಿಲ ಹೊರಗೆ ನಿಂತವರೂ ಮನೆಗೆ ಬಂದವರೇ. ಟರ್ಮಿನಲ್ 2ರ ಮುಂಭಾಗದಲ್ಲೂ ಅಗಲವಾದ ಸೂರು ಇದೆ, ಗಿಡಗಳಿವೆ, ವಿಮಾನ ನಿಲ್ದಾಣದ ಆವರಣದಲ್ಲಿ ಹೊರಗಿನವರಿಗೂ ತಿನ್ನೋ ಕುಡಿಯೋ ಜಾಗಗಳಿವೆ. ಇಲ್ಲ ಅಂತ ನಾನು ಹೇಳ್ತಿಲ್ಲ. ಆದರೆ ಕಟ್ಟಡದ ಒಳ್ಳೆಯದೆಲ್ಲ, ಅಂದರೆ ಸೋಸಿದ ಬೆಳಕು, ನೀರು, ತೂಗುವ ತೋಟ, ಕಾಡಿನ ಪಟ್ಟಿ, ಶುರುವಾಗೋದು ಕುಟುಂಬ ಬೇರೆಯಾದ ಮೇಲೆ. ಕಾಡಿನ ಪಟ್ಟಿಯಂತೂ ಭದ್ರತಾ ತಪಾಸಣೆಯ ಆಚೆ ಇದೆ. ಮಗಳನ್ನ ಕಳಿಸಿಕೊಟ್ಟ ತಾಯಿಗೆ ಮಗಳು ದಾಟಿದ ತೋಟ ಕಾಣೋದು ವಾಟ್ಸಾಪ್ ಫೋಟೊದಲ್ಲಿ.

ಇದು ವಾಸ್ತುಶಿಲ್ಪಿಗಳಿಗೆ ಹೊಳೆಯದ ವಿಷಯ ಅಂದುಕೊಳ್ಳಬೇಡಿ. ಎಸ್‌ಒಎಂ ಇದನ್ನ ಚೆನ್ನಾಗಿ ಬಲ್ಲ ಸಂಸ್ಥೆ. ಜೆಡ್ಡಾದ ಹಜ್ ಟರ್ಮಿನಲ್ ಅವರದೇ. 1981ರಲ್ಲಿ ತೆರೆದಿದ್ದು. ಢಾಕಾದಲ್ಲಿ ಓದಿ ಶಿಕಾಗೊಗೆ ಹೋದ ಎಂಜಿನಿಯರ್ ಫಜ್ಲುರ್ ರಹಮಾನ್ ಖಾನ್ ಅದರಲ್ಲಿ ಮುಖ್ಯ ಪಾತ್ರ ವಹಿಸಿದ್ದರು. ಉಕ್ಕಿನ ಕಂಬಗಳಿಂದ ತೂಗುಬಿಟ್ಟ 210 ಬಟ್ಟೆಯ ಗುಡಾರಗಳು, ಸುತ್ತ ಗೋಡೆ ಇಲ್ಲ. ಬಿಸಿ ಗಾಳಿ ಗುಡಾರದ ತುದಿಯ ಕಿಂಡಿಯಿಂದ ಮೇಲೆ ಹೋಗುತ್ತೆ, ಪಕ್ಕದಿಂದ ಗಾಳಿ ಒಳಗೆ ಬರುತ್ತೆ. ಹಜ್ ಯಾತ್ರಿಗಳು ಗುಂಪು ಗುಂಪಾಗಿ ಬರ್ತಾರೆ, ಮುಂದಿನ ಪ್ರಯಾಣಕ್ಕೆ ಗಂಟೆಗಟ್ಟಲೆ ಕಾಯ್ತಾರೆ, ಅಲ್ಲೇ ತಿಂತಾರೆ, ಮಲಗ್ತಾರೆ, ನಮಾಜ್ ಮಾಡ್ತಾರೆ ಅನ್ನೋದನ್ನ ಗಮನಿಸಿ ಮಾಡಿದ ಕಟ್ಟಡ ಅದು. 1983ರಲ್ಲಿ ಆಗಾ ಖಾನ್ ಪ್ರಶಸ್ತಿ ಬಂತು. ಅಲ್ಲಿ ಕಾಯುವಿಕೆಯೇ ವಿನ್ಯಾಸದ ಕೇಂದ್ರ.

ಮುಂಬೈಯ ಟರ್ಮಿನಲ್ 2 ಇನ್ನೂ ಹತ್ತಿರದ ಉದಾಹರಣೆ. 2014ರಲ್ಲಿ ತೆರೆದಿದ್ದು, ಅದೂ ಎಸ್‌ಒಎಂನದೇ. ನವಿಲುಗರಿಯ ಹಾಗೆ ಮೇಲೆ ಅರಳಿಕೊಳ್ಳುವ 30 ಕಂಬಗಳು ಎಲ್ಲರಿಗೂ ಗೊತ್ತು. ಎಲ್ಲರಿಗೂ ಗೊತ್ತಿಲ್ಲದ ವಿಷಯ ಅದರ ಮುಂಭಾಗದ ಗಾಜಿನ ಗೋಡೆ. ಸುಮಾರು 15 ಮೀಟರ್ ಎತ್ತರದ ಆ ಗೋಡೆಯನ್ನ ಆದಷ್ಟು ಪಾರದರ್ಶಕ ಮಾಡಿದ್ದಕ್ಕೆ ಒಂದು ಕಾರಣವನ್ನ ಎಸ್‌ಒಎಂ ಸ್ಪಷ್ಟವಾಗಿ ಹೇಳಿದೆ. ನಿಯಮದ ಪ್ರಕಾರ ಹೊರಗೇ ನಿಲ್ಲಬೇಕಾದ ಮನೆಯವರು, ತಮ್ಮವರು ಒಳಗೆ ಹೋಗೋದನ್ನ ಅಲ್ಲಿಂದ ನೋಡಬಹುದು. ಅಂದರೆ ಬೀಳ್ಕೊಡೋರು ಬರ್ತಾರೆ, ನಿಲ್ತಾರೆ, ಕೊನೆವರೆಗೆ ನೋಡ್ತಾರೆ ಅನ್ನೋದು ಮುಂಬೈಯ ನಕ್ಷೆಯಲ್ಲೇ ಇದೆ. ಬೆಂಗಳೂರಿಗೆ ಬರೋ ಹೊತ್ತಿಗೆ ವಿನ್ಯಾಸದ ಗಮನ ಒಬ್ಬ ಪ್ರಯಾಣಿಕನ ಅನುಭವದ ಕಡೆ ಸರಿದಿದೆ. ಅವನ ಒತ್ತಡ ಇಳಿಯಬೇಕು, ಕಣ್ಣಿಗೆ ಹಸಿರು ಕಾಣಬೇಕು. ಒಳ್ಳೆಯದೇ. ಜೊತೆಗೆ ಬಂದವರು ಮಾತ್ರ ಚಿತ್ರದಿಂದ ಹಿಂದೆ ಸರಿದಿದ್ದಾರೆ.

ಯಾಕೆ ಹೀಗೆ? ನನ್ನ ವೃತ್ತಿಯ ಕಣ್ಣಿಗೆ ಒಂದು ಕಾರಣ ಎದ್ದು ಕಾಣುತ್ತೆ. ಟರ್ಮಿನಲ್ ಅಳತೆ ನಿರ್ಧಾರ ಆಗೋದು ಅತಿ ದಟ್ಟಣೆಯ ಗಂಟೆಯಲ್ಲಿ ಎಷ್ಟು ಪ್ರಯಾಣಿಕರು ಅನ್ನೋ ಲೆಕ್ಕದಿಂದ. ಪ್ರತಿ ತಲೆಗೆ ಎಷ್ಟು ಚದರ ಮೀಟರ್, ಕ್ಯೂನಲ್ಲಿ ಎಷ್ಟು ನಿಮಿಷ ಅನ್ನೋದೆಲ್ಲ ಅದರ ಮೇಲೆ ನಿಂತಿದೆ. ಕಟ್ಟಿದ ಮೇಲೆ ಚೆನ್ನಾಗಿದೆಯಾ ಅಂತ ಅಳೆಯೋಕೆ ವಿಮಾನ ನಿಲ್ದಾಣಗಳು ಜಗತ್ತಿನಾದ್ಯಂತ ಬಳಸೋದು ಏರ್‌ಪೋರ್ಟ್ಸ್ ಕೌನ್ಸಿಲ್ ಇಂಟರ್‌ನ್ಯಾಷನಲ್‌ನ ಎಎಸ್‌ಕ್ಯೂ ಸಮೀಕ್ಷೆ. ಅದರ ನಿರ್ಗಮನ ಸಮೀಕ್ಷೆಯಲ್ಲಿ ಪ್ರಶ್ನೆ ಕೇಳೋದು ಗೇಟ್ ಹತ್ತಿರ ವಿಮಾನಕ್ಕೆ ಕಾಯ್ತಿರೋ ಪ್ರಯಾಣಿಕರನ್ನ. ಯೋಚನೆ ಮಾಡಿ. ಬಾಗಿಲ ಹೊರಗೆ ನಿಂತ ಅಪ್ಪನಿಗೆ ಆ ಪ್ರಶ್ನೆಪತ್ರಿಕೆ ಯಾವತ್ತೂ ಸಿಗಲ್ಲ. ಅವನಿಗೆ ಅತೃಪ್ತಿ ಇದ್ದರೂ ದತ್ತಾಂಶದಲ್ಲಿ ಅವನೇ ಇಲ್ಲ. ನಮ್ಮ ಕ್ಷೇತ್ರದಲ್ಲಿ ಇದಕ್ಕೆ ಸ್ಯಾಂಪ್ಲಿಂಗ್ ಬಯಾಸ್ ಅಂತಾರೆ. ಯಾರನ್ನ ಕೇಳಬೇಕು ಅನ್ನೋ ಪಟ್ಟಿಯೇ ತಪ್ಪಿದ್ದರೆ, ಕೇಳಿದವರೆಲ್ಲ ಐದಕ್ಕೆ ಐದು ಕೊಟ್ಟರೂ ನಿಮಗೆ ಗೊತ್ತಾಗೋದು ಅರ್ಧ ಸತ್ಯ. ಅಂಕಗಳು ಏರ್ತಾ ಹೋಗುತ್ತವೆ, ಆ ಅಂಕ ಏರಿಸೋ ಜಾಗಗಳಿಗೇ ಮತ್ತೆ ದುಡ್ಡು ಹೋಗುತ್ತೆ.

ಎರಡನೇ ಕಾರಣ ಹಣದ್ದು. ಆಧುನಿಕ ಟರ್ಮಿನಲ್ ಗಳಿಸೋದು ಅಂಗಡಿ, ಊಟ, ಜಾಹೀರಾತು, ಪಾರ್ಕಿಂಗ್‌ನಿಂದ ಕೂಡ. 2016ರ ರಾಷ್ಟ್ರೀಯ ನಾಗರಿಕ ವಿಮಾನಯಾನ ನೀತಿಯಲ್ಲಿ, ವಿಮಾನೇತರ ಆದಾಯದ ಶೇ 30ರಷ್ಟನ್ನು ವಿಮಾನ ಶುಲ್ಕದ ಹೊರೆ ಇಳಿಸೋಕೆ ಲೆಕ್ಕ ಹಿಡೀಬೇಕು ಅಂತ ಇದೆ. ಉಳಿದದ್ದು ನಿಲ್ದಾಣ ನಡೆಸುವವರದು. ಭದ್ರತಾ ತಪಾಸಣೆ ಮುಗಿಸಿದ ಪ್ರಯಾಣಿಕ ಎಷ್ಟು ಹೊತ್ತು ಹಾಯಾಗಿ ಅಡ್ಡಾಡ್ತಾನೋ ಅಷ್ಟು ವ್ಯಾಪಾರ. ತೋಟ ಅಲ್ಲಿದ್ದರೆ ಅದರಿಂದ ಲಾಭ ಇದೆ. ಬಾಗಿಲ ಹೊರಗೆ ಕೂತು ಬುತ್ತಿ ಬಿಚ್ಚೋ ಕುಟುಂಬದಿಂದ ಏನು ಬರುತ್ತೆ? ಯಾರೋ ಕೂತು ಕುತಂತ್ರ ಮಾಡಿದರು ಅಂತಲ್ಲ. ಲೆಕ್ಕ ಹಾಕೋ ರೀತಿಯೇ ತೋಟವನ್ನ ಒಳಗೆ ತಳ್ಳುತ್ತೆ.

"ಭದ್ರತೆ ಇದ್ದಮೇಲೆ ಏನು ಮಾಡೋಕಾಗುತ್ತೆ?" ಅಂತ ಕೇಳಬಹುದು. ನಾನಿರೋ ಮ್ಯೂನಿಕ್ ಉದಾಹರಣೆ ಪೂರ್ತಿ ಹೊಂದಲ್ಲ. ಇಲ್ಲಿ ಚೆಕ್-ಇನ್ ಹಾಲ್‌ವರೆಗೂ ಯಾರು ಬೇಕಾದರೂ ಬರಬಹುದು. ಆದರೂ ಒಂದು ಪಾಠ ಇದೆ. ಎರಡು ಟರ್ಮಿನಲ್‌ಗಳ ನಡುವೆ 1999ರಲ್ಲಿ ಹೆಲ್ಮುಟ್ ಯಾನ್ ವಿನ್ಯಾಸದ ಒಂದು ದೊಡ್ಡ ಬಯಲು ಚೌಕ ಕಟ್ಟಿದರು. ಮೇಲೆ ಎತ್ತರದಲ್ಲಿ ಸೂರು, ಪಕ್ಕ ತೆರೆದಿದೆ, ಟಿಕೆಟ್ ಬೇಡ. ಡಿಸೆಂಬರ್‌ನಲ್ಲಿ ಅಲ್ಲಿ ಕ್ರಿಸ್ಮಸ್ ಸಂತೆ ನಡೆಯುತ್ತೆ. ಎಲ್ಲಿಗೂ ಹಾರದ ಜನ ಕೂಡ ಮಕ್ಕಳನ್ನ ಕರ್ಕೊಂಡು ಬರ್ತಾರೆ. ಸಿಂಗಾಪುರದ ಚಾಂಗಿಯಲ್ಲಿ 2019ರಲ್ಲಿ ತೆರೆದ ಜ್ಯೂಯೆಲ್ ಇನ್ನೂ ಒಂದು ಹೆಜ್ಜೆ ಮುಂದೆ. ಮೋಶೆ ಸಫ್ಡಿ ವಿನ್ಯಾಸದ, 40 ಮೀಟರ್ ಜಲಪಾತ ಇರೋ ಆ ಗಾಜಿನ ತೋಟ ಕಟ್ಟಿದ್ದು ಟರ್ಮಿನಲ್ 1ರ ಎದುರು ಮೊದಲು ಕಾರ್ ಪಾರ್ಕಿಂಗ್ ಇದ್ದ ಜಾಗದಲ್ಲಿ. ಅದು ಮಾಲ್ ಹೌದು, ಗಳಿಕೆಗೇ ಕಟ್ಟಿದ್ದು. ಆದರೂ ಅಲ್ಲಿನ ಅತ್ಯುತ್ತಮ ತೋಟವನ್ನ ಅವರು ಭದ್ರತಾ ಗೆರೆಯ ಈಚೆ ಇಟ್ಟಿದ್ದಾರೆ. ಭದ್ರತೆಗೂ ಇದಕ್ಕೂ ಜಗಳ ಇಲ್ಲ. ತೋಟ ಗೆರೆಯ ಯಾವ ಕಡೆ ಇರಬೇಕು ಅನ್ನೋದು ಕಟ್ಟಿಸೋರ ತೀರ್ಮಾನ.

ಜನಸಂದಣಿ ಆಗುತ್ತೆ ಅನ್ನೋದು ಇನ್ನೊಂದು ಆಕ್ಷೇಪ. 2024ರಲ್ಲಿ ಬೆಂಗಳೂರು ನಿಲ್ದಾಣ ಬಳಸಿದ ಪ್ರಯಾಣಿಕರ ಸಂಖ್ಯೆ 4 ಕೋಟಿ ದಾಟಿತು. ಪ್ರತಿಯೊಬ್ಬರ ಜೊತೆ ನಾಲ್ಕು ಜನ ಬಂದರೆ ಹೇಗೆ ಅನ್ನೋ ಭಯ ಸಹಜ. ಆದರೆ ಆಫೀಸ್ ಕೆಲಸಕ್ಕೆ ಅಂತ ದಿಲ್ಲಿ, ಮುಂಬೈಗೆ ಹೋಗಿ ಬರೋರ ಹಿಂದೆ ಯಾರೂ ಬರಲ್ಲ. ಬರೋದು ದೂರ ಹೋಗೋರ ಹಿಂದೆ, ಮೊದಲ ಸಲ ಹೋಗೋರ ಹಿಂದೆ. ಅವರು ಈಗಲೂ ಬರ್ತಾನೇ ಇದ್ದಾರೆ. ಜಾಗ ಮಾಡಿಕೊಡದಿದ್ದರೆ ರಸ್ತೆ ಅಂಚಿನಲ್ಲಿ, ಲಗೇಜ್ ಟ್ರಾಲಿ ಮಧ್ಯೆ, ಕಂಬದ ಬುಡದಲ್ಲಿ ನಿಲ್ತಾರೆ. ಕಾರುಗಳು ಬೇಗ ಸರಿಯಬೇಕು ಅಂತ ಮಾಡಿದ ಜಾಗದಲ್ಲಿ ಜನ ನಿಧಾನವಾಗಿ ಬೇರೆಯಾಗೋ ಕೆಲಸ ಮಾಡಬೇಕಾಗುತ್ತೆ. ದಟ್ಟಣೆಗೆ ಅದೂ ಒಂದು ಕಾರಣ.

ಇದನ್ನೆಲ್ಲ ಈಗ ಬರೆಯೋಕೆ ಕಾರಣ, ಕಟ್ಟಡ ಇನ್ನೂ ಮುಗಿದಿಲ್ಲ. ಟರ್ಮಿನಲ್ 2ಕ್ಕೆ ಎರಡನೇ ಹಂತ ಬಾಕಿ ಇದೆ. ಎದುರಿಗೆ ಬಸ್ಸು, ಟ್ಯಾಕ್ಸಿ, ಮೆಟ್ರೊ ಎಲ್ಲ ಸೇರೋ ಸಾರಿಗೆ ಕೇಂದ್ರ ಇದೆ. ಕೆ.ಆರ್. ಪುರದ ಕಡೆಯಿಂದ ಬರೋ ಮೆಟ್ರೊ ನೀಲಿ ಮಾರ್ಗದ ಕೆಲಸ ನಡೀತಿದೆ. ಮೆಟ್ರೊ ಬಂದ ದಿನ ಜನ ಬರೋ ದಾರಿಯೇ ಬದಲಾಗುತ್ತೆ. ಕಾರಿಂದ ಬಾಗಿಲಿಗೆ ನಾಲ್ಕು ಹೆಜ್ಜೆ ಅನ್ನೋದು ಹೋಗಿ, ನಿಲ್ದಾಣದಿಂದ ಬಾಗಿಲಿಗೆ ಒಂದು ನಡಿಗೆ ಇರುತ್ತೆ. ಗಾಡಿ ಮಾಡಿಕೊಂಡು ಬರೋಕಾಗದ ಮನೆಯವರೂ ಬರಬಹುದು. ಆ ನಡಿಗೆಯ ದಾರಿಯಲ್ಲಿ ಕಾಡಿನ ಪಟ್ಟಿಯ ಇನ್ನೊಂದು ತುಂಡು ಇರಬೇಕು ಅನ್ನೋದು ನನ್ನ ಬೇಡಿಕೆ.

ಅದಕ್ಕೆ ಬೇಕಾಗಿರೋದು ದೊಡ್ಡದೇನಲ್ಲ. ಮರದ ನೆರಳು ಮತ್ತು ರಾತ್ರಿಗೆ ಹಿತವಾದ ದೀಪ, ಯಾಕಂದ್ರೆ ನಮ್ಮ ಬೀಳ್ಕೊಡುಗೆ ಹೆಚ್ಚಾಗಿ ನಡೆಯೋದು ರಾತ್ರಿ. ಗುಂಪಾಗಿ ಕೂರೋ ಹಾಗೆ ಎದುರು ಬದುರು ಕಟ್ಟೆಗಳು, ಒಬ್ಬೊಬ್ಬರೇ ಸಾಲಾಗಿ ಕೂರೋ ಕುರ್ಚಿ ಅಲ್ಲ. ಕುಡಿಯೋ ನೀರು, ಶೌಚಾಲಯ, ಬುತ್ತಿ ಬಿಚ್ಚಿದರೆ ಎಬ್ಬಿಸದ ಜಾಗ. ಒಂದು ತೂಕದ ಯಂತ್ರ, ಒಳಗೆ ಹೋಗೋ ಮುಂಚೆಯೇ ಬ್ಯಾಗ್ ಸರಿ ಮಾಡಿಕೊಳ್ಳೋಕೆ. ಚೆಕ್-ಇನ್ ಹಾಲ್ ಕಡೆಗೆ ಮುಂಬೈಯ ಹಾಗೆ ತಿಳಿಗಾಜು, ಕೈ ಬೀಸಿದರೆ ಕಾಣೋ ಹಾಗೆ. ಯಾವ ವಿಮಾನ ಯಾವ ಹಂತದಲ್ಲಿದೆ ಅಂತ ಕನ್ನಡದಲ್ಲಿ ತೋರಿಸೋ ಒಂದು ಬೋರ್ಡ್, ಹೊರಗಿನವರಿಗಾಗಿಯೇ. ಮೊದಲ ಸಲ ಹೋಗೋ ಹಿರಿಯರನ್ನ ಅಲ್ಲಿಂದ ಕರ್ಕೊಂಡು ಹೋಗೋ ವ್ಯವಸ್ಥೆ. ಇದರಲ್ಲಿ ಯಾವುದೂ ಭದ್ರತಾ ನಿಯಮ ಮುರಿಯಲ್ಲ, ಎಲ್ಲವೂ ಬಾಗಿಲ ಈಚೆಗೇ ಇದೆ. ಸಮೀಕ್ಷೆ ಮಾಡೋರು ತಮ್ಮ ಪ್ರಶ್ನೆಪತ್ರಿಕೆ ಹಿಡಿದು ಒಂದು ಸಲ ಇಲ್ಲಿಗೂ ಬರಲಿ.

ಆವರಣದಲ್ಲಿ ಕೆಂಪೇಗೌಡರ 108 ಅಡಿ ಎತ್ತರದ ಕಂಚಿನ ಪ್ರತಿಮೆ ಇದೆ. ಟರ್ಮಿನಲ್ ಜೊತೆಗೇ, ಅದೇ ದಿನ ಉದ್ಘಾಟನೆ ಆಗಿದ್ದು. ಬಯಲಲ್ಲಿ ನಿಂತಿದೆ, ಟಿಕೆಟ್ ಇಲ್ಲದವರಿಗೂ ದೂರದಿಂದಲೇ ಕಾಣುತ್ತೆ. ಕೆಂಪೇಗೌಡರ ಹೆಸರಿನ ಜೊತೆ ನಮ್ಮ ಜನ ನೆನೆಯೋದು ಕೆರೆ, ಪೇಟೆ, ಗಡಿಗೋಪುರ. ಊರಿಗೆ ಬಂದು ಹೋಗೋ ಜನರಿಗಾಗಿ ಕಟ್ಟಿದ ಜಾಗಗಳು. ಹೊರಗಿನವರಿಗೆ ನೋಡೋಕೆ ಪ್ರತಿಮೆ, ಒಳಗಿನವರಿಗೆ ಕೂರೋಕೆ ತೋಟ ಅನ್ನೋ ಈಗಿನ ಹಂಚಿಕೆ ಆ ಹೆಸರಿಗೆ ಒಪ್ಪೋದಲ್ಲ.

ಹಾಗಾಗಿ ನನ್ನ ತೀರ್ಪು ಇಷ್ಟು. ಪ್ರಯಾಣಿಕನಾಗಿ ಕೇಳಿದರೆ ಟರ್ಮಿನಲ್ 2 ನಾನು ಬಳಸಿದ ನಿಲ್ದಾಣಗಳಲ್ಲಿ ಮೊದಲ ಸಾಲಿನದು. ಮಗನಾಗಿ ಕೇಳಿದರೆ ಅದು ಅರ್ಧ ಕಟ್ಟಿದ ಮನೆ. ವಿದೇಶದಲ್ಲಿರೋ ನಾವು ಆ ಕಟ್ಟಡದ ಒಳಭಾಗವನ್ನ ಮಾತ್ರ ಹೊಗಳ್ತಾ ಬಂದಿದ್ದೀವಿ, ಯಾಕಂದ್ರೆ ಬಾಗಿಲು ದಾಟಿ ಒಳಗೆ ಹೋಗೋರು ನಾವು. ಹೊರಗೆ ಉಳಿಯೋರು ಪ್ರಶಸ್ತಿ ಸಮಿತಿಯಲ್ಲೂ ಇಲ್ಲ, ಸಮೀಕ್ಷೆಯಲ್ಲೂ ಇಲ್ಲ. ಎರಡನೇ ಹಂತದ ನಕ್ಷೆ ಮೇಜಿನ ಮೇಲೆ ಬಂದಾಗ ಅವರ ಪರವಾಗಿ ಮಾತಾಡೋಕೆ ನಮಗಿಂತ ಹತ್ತಿರದವರು ಯಾರಿದ್ದಾರೆ? ಮುಂದಿನ ಸಲ ಯಾರಾದರೂ "ಹೊಸ ಟರ್ಮಿನಲ್ ಹೇಗಿದೆ?" ಅಂದರೆ, ತೋಟದ ಫೋಟೊ ತೋರಿಸಿ. ಜೊತೆಗೆ ನಿಮ್ಮನ್ನ ಕಳಿಸೋಕೆ ಬಂದವರು ಎಷ್ಟು ಹೊತ್ತು, ಎಲ್ಲಿ ನಿಂತಿದ್ದರು ಅನ್ನೋದನ್ನೂ ಹೇಳಿ.